ನಿರೂಪಕಿ ಆದಮೇಲೆ ನಾನು ಕಾಮಿಡಿಯನ್ ಆಗಿ ಉಳಿಯುತ್ತೇನಾ?

ಪ್ರಶ್ನೆ: ನನಗೆ 33 ವರ್ಷ. ಒಂಬತ್ತು ವರ್ಷದಿಂದ ಸ್ಟ್ಯಾಂಡಪ್ ಮಾಡುತ್ತಿದ್ದೇನೆ. ನನ್ನ ಹೆಸರು ನೋಡಿ ಟಿಕೆಟ್ ತಗೊಳ್ಳುವ ಜನ ಈಗ ಇದ್ದಾರೆ. ಆದರೆ ಅದೇ ಜನ ಮತ್ತೆ ಮತ್ತೆ ಬರುತ್ತಿದ್ದಾರೆ, ಹೊಸಬರು ಕಡಿಮೆ. ಈಗ ಒಂದು ಚಾನೆಲ್ ವಾರಕ್ಕೊಮ್ಮೆ ಬರುವ ಟಾಕ್ ಶೋಗೆ ನಿರೂಪಕಿಯಾಗಿ ಕರೆದಿದೆ. 26 ಎಪಿಸೋಡ್‌ಗಳ ಕರಾರು. ಶೋ ನಡೆಯುವಷ್ಟು ಕಾಲ, ಮುಗಿದ ಮೇಲೂ ಒಂದು ವರ್ಷ, ಬೇರೆಲ್ಲೂ ನಿರೂಪಣೆ ಮಾಡುವಂತಿಲ್ಲ ಎಂದು ಅದರಲ್ಲಿದೆ. ಗೆಳೆಯರು ‘ಈಗ ಟಿವಿ ಯಾರು ನೋಡ್ತಾರೆ, ಪಾಡ್‌ಕಾಸ್ಟ್ ಶುರು ಮಾಡು’ ಅನ್ನುತ್ತಾರೆ. ಹಿರಿಯ ಕಲಾವಿದರೊಬ್ಬರು ‘ಪಾಡ್‌ಕಾಸ್ಟ್ ಅಂದ್ರೆ ಕೆಲಸ ಇಲ್ಲದವರು ಮಾಡೋದು’ ಅಂದರು. ಸುಮ್ನೆ ನೋಡೋಣ ಅಂತ ಎರಡು ಎಪಿಸೋಡ್ ರೆಕಾರ್ಡ್ ಮಾಡಿದೆ. ನಗು ಬಂತು, ಆದರೆ ಅತಿಥಿಗಳು ಅರ್ಧಕ್ಕೇ ಸಪ್ಪಗಾದರು. ಯಾಕೆ ಅಂತ ಗೊತ್ತಾಗಲಿಲ್ಲ. ಆಡಿಯೋ ಕಳಿಸಿದ್ದೇನೆ. ನನ್ನ ದೊಡ್ಡ ಭಯ ಬೇರೆ: ನಿರೂಪಕಿ ಆದಮೇಲೆ ನಾನು ಕಾಮಿಡಿಯನ್ ಆಗಿ ಉಳಿಯುತ್ತೇನಾ?

ಉತ್ತರ: ಎರಡೂ ಆಡಿಯೋ ಪೂರ್ತಿ ಕೇಳಿದೆ. ಎರಡನೆಯದನ್ನು ಎರಡು ಸಲ ಕೇಳಿದೆ, ಅದರ 14ನೇ ನಿಮಿಷಕ್ಕೋಸ್ಕರ. ಅಲ್ಲಿಗೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಗಂಟು ಹಾಕಿಕೊಂಡಿವೆ. ಟಿವಿನಾ ಪಾಡ್‌ಕಾಸ್ಟಾ ಅನ್ನುವುದು ಮೇಲೆ ಕಾಣುವ ಚಿಂತೆ. ಅದರ ಕೆಳಗೆ ‘ಈ ಕೆಲಸ ನನಗೆ ಬರುತ್ತಾ’ ಅನ್ನುವುದಿದೆ. ಅದಕ್ಕೂ ಕೆಳಗೆ ‘ಕೈಯಲ್ಲಿರುವುದೂ ಹೋಗಿಬಿಟ್ಟರೆ’ ಅನ್ನುವ ಭಯ. ಮೊದಲನೆಯದಕ್ಕೆ ಸುತ್ತಲಿನ ಎಲ್ಲರೂ ಉತ್ತರ ಕೊಡುತ್ತಿದ್ದಾರೆ. ಉಳಿದ ಎರಡನ್ನು ಯಾರೂ ಮುಟ್ಟಿಲ್ಲ. ನಾನು ಬಹಳ ವರ್ಷ ಹಾಸ್ಯಗಾರರ ಟಿವಿ ಶೋಗಳಿಗೆ ಬರೆದವನು, ಆಮೇಲೆ ಅಂಥ ಶೋಗಳನ್ನು ನಡೆಸಿದವನು, ಈಗ ಪಾಡ್‌ಕಾಸ್ಟ್ ತಯಾರಿಸುವವನು. ಹಾಗಾಗಿ ಕೆಳಗಿನಿಂದಲ್ಲ, ನಡುವಿನಿಂದ ಶುರು ಮಾಡುತ್ತೇನೆ.

ನಗಿಸಲು ಬರುವವರಿಗೆ ನಿರೂಪಣೆ ತಾನಾಗಿ ಬರುತ್ತೆ ಅನ್ನುವುದು ಚಾನೆಲ್‌ಗಳೂ ನಂಬಿಕೊಂಡಿರುವ ಸುಳ್ಳು. ಸ್ಟೇಜಿನ ಮೇಲೆ ನಗು ನಿಮ್ಮದು. ಬರುವ ನಗುವೆಲ್ಲ ನಿಮ್ಮ ಲೆಕ್ಕಕ್ಕೆ ಜಮಾ. ಮೌನ ಬಂತು ಅಂದರೆ ಸೋತಿರಿ ಅಂತ ಅರ್ಥ. ಒಂಬತ್ತು ವರ್ಷದಲ್ಲಿ ನಿಮ್ಮ ಮೈ ಕಲಿತಿರುವುದು ಅದನ್ನೇ: ಎರಡು ಸೆಕೆಂಡ್ ಸದ್ದಿಲ್ಲ ಅಂದರೆ ಏನಾದರೂ ಎಸಿ. ನಿರೂಪಣೆಯಲ್ಲಿ ಈ ಲೆಕ್ಕ ತಲೆಕೆಳಗು. ಆ ಎರಡು ಸೆಕೆಂಡಿನಲ್ಲೇ ಎದುರಿಗೆ ಕೂತವರು ತಮ್ಮ ಮುಂದಿನ ಮಾತನ್ನು, ಎಷ್ಟೋ ಸಲ ಯಾರಿಗೂ ಹೇಳದ ಮಾತನ್ನು, ಹುಡುಕುತ್ತಿರುತ್ತಾರೆ. ನೀವು ಅಲ್ಲಿ ಪಂಚ್ ಎಸೆದರೆ ನಗು ಬರುತ್ತೆ, ಮಾತು ಹೋಗುತ್ತೆ.

ಕಾಮಿಡಿಯನ್ ಜಾನಿ ಕಾರ್ಸನ್ 1962ರಿಂದ 1992ರವರೆಗೆ, ಹೆಚ್ಚುಕಡಿಮೆ ಮೂವತ್ತು ವರ್ಷ, ಅಮೆರಿಕದಲ್ಲಿ ‘ದಿ ಟುನೈಟ್ ಶೋ’ ಎಂಬ ರಾತ್ರಿಯ ಟಾಕ್ ಶೋ ನಡೆಸಿದರು. ಅವರ ಹಳೆಯ ತುಣುಕುಗಳನ್ನು ಧ್ವನಿ ತೆಗೆದು ಒಮ್ಮೆ ನೋಡಿ. ಅತಿಥಿ ಚೆನ್ನಾಗಿ ಓಡುತ್ತಿದ್ದರೆ ಕಾರ್ಸನ್ ಹಿಂದಕ್ಕೆ ಒರಗಿ ನಗುತ್ತಾರೆ ಅಷ್ಟೇ. ಮಾತು ಕುಂಟುತ್ತಿದೆ ಅನ್ನಿಸಿದಾಗ ಒಂದು ಸಾಲು, ಅಥವಾ ಕ್ಯಾಮೆರಾ ಕಡೆಗೆ ಒಂದು ನೋಟ. ನಗುವನ್ನು ಅತಿಥಿಗೆ ಬಿಟ್ಟುಕೊಟ್ಟರು, ಶೋ ಮಾತ್ರ ಅವರ ಹೆಸರಿನಲ್ಲೇ ಉಳಿಯಿತು. ಪಾಡ್‌ಕಾಸ್ಟ್‌ನಲ್ಲೂ ಇದೇ ಕಥೆ. 2005ರ ಕೊನೆಗೆ ಬ್ರಿಟನ್ನಿನ ರಿಕಿ ಜರ್ವೇಸ್ ಪಾಡ್‌ಕಾಸ್ಟ್ ಶುರು ಮಾಡಿದಾಗ ಅದು ಎಷ್ಟು ಓಡಿತು ಅಂದರೆ ಗಿನ್ನೆಸ್ ದಾಖಲೆಗೂ ಹೋಯಿತು. ಆಗಲೇ ಹೆಸರು ಮಾಡಿದ್ದ ಕಾಮಿಡಿಯನ್ ಅವರು. ಆದರೆ ಜನ ಕಾಯುತ್ತಿದ್ದದ್ದು ಪಕ್ಕದಲ್ಲಿ ಕೂತ ಕಾರ್ಲ್ ಪಿಲ್ಕಿಂಗ್ಟನ್ ಎಂಬ ರೇಡಿಯೋ ಪ್ರೊಡ್ಯೂಸರ್ ಏನು ಹೇಳುತ್ತಾನೆ ಅಂತ. ಜರ್ವೇಸ್ ಅವನನ್ನು ಕೆಣಕಿದರು, ಕೇಳಿದರು, ಉಸಿರುಗಟ್ಟುವ ಹಾಗೆ ನಕ್ಕರು. ನಗುವುದೂ ಒಂದು ಕೆಲಸ ಕಣ್ರೀ.

ಈಗ ನಿಮ್ಮ 14ನೇ ನಿಮಿಷ. ನಿಮ್ಮ ಗೆಳತಿ ಹೇಳುತ್ತಾರೆ: ‘ಆ ಶೋ ಆದಮೇಲೆ ಎರಡು ವರ್ಷ ನಾನು ಸ್ಟೇಜ್ ಹತ್ತಲೇ ಇಲ್ಲ.’ ನೀವು ತಕ್ಷಣ: ‘ಪ್ರೇಕ್ಷಕರೆಲ್ಲ ಸೇರಿ ಅರ್ಜಿ ಕೊಟ್ಟಿದ್ರಾ?’ ಪಂಚ್ ಚೆನ್ನಾಗಿದೆ. ನಾನೂ ನಕ್ಕೆ. ಅವರೂ ನಕ್ಕರು. ಆದರೆ ಅಲ್ಲಿಂದ ಮುಂದೆ ಕೊನೆಯವರೆಗೂ ಅವರ ಉತ್ತರಗಳು ಒಂದೊಂದೇ ಸಾಲು. ಅವರು ಒಂದು ಬಾಗಿಲನ್ನು ಸ್ವಲ್ಪವೇ ಸರಿಸಿ ನೋಡಿದರು, ನೀವು ನಗುತ್ತಾ ಮುಚ್ಚಿಬಿಟ್ಟಿರಿ. ಕೆಟ್ಟ ಬುದ್ಧಿಯಿಂದಲ್ಲ, ಅಭ್ಯಾಸಬಲದಿಂದ. ನೋವಿನ ವಾಸನೆ ಬಂದ ಕೂಡಲೇ ನಗಿಸುವುದು ನಮ್ಮ ಕಸುಬಿನವರ ಹಳೆಯ ಚಾಳಿ. ನಮ್ಮಲ್ಲಿ ಹೆಚ್ಚಿನವರು ಈ ಕಸುಬಿಗೆ ಬಂದದ್ದೇ ಆ ಚಾಳಿಯಿಂದ.

ಇದರ ಬೆಲೆ ಏನು ಅಂತ ನಾನು ಎಡಿಟಿಂಗ್ ಕೋಣೆಯಲ್ಲಿ ಕೂತು ನೋಡಿದ್ದೇನೆ. ಒಂದು ಶೋನಲ್ಲಿ ನಲವತ್ತು ನಿಮಿಷದ ಮಾತುಕತೆಯಲ್ಲಿ ಅತಿಥಿ ಸತತವಾಗಿ ಇಪ್ಪತ್ತು ಸೆಕೆಂಡ್ ಮಾತಾಡಿದ ಒಂದು ತುಣುಕೂ ಸಿಗಲಿಲ್ಲ. ನಿರೂಪಕ ದೊಡ್ಡ ಕಾಮಿಡಿಯನ್, ಪಾಪ, ಪ್ರತಿ ಉಸಿರಿಗೂ ಒಂದು ಜೋಕ್ ಹೊಡೆದಿದ್ದರು. ಎಂಟನೇ ವಾರಕ್ಕೆ ಅತಿಥಿಗಳನ್ನು ಕರೆಸುವ ಹುಡುಗಿ ನನ್ನ ಹತ್ತಿರ ಬಂದು, ‘ಸರ್, ಫೋನ್ ಮಾಡಿದವರೆಲ್ಲ ಒಂದೇ ಕೇಳ್ತಾರೆ, ನಮಗೆ ಮಾತಾಡೋಕೆ ಬಿಡ್ತಾರಾ ಅಂತ’ ಅಂದಳು. ಶೋ ಬಿದ್ದದ್ದು ರೇಟಿಂಗ್‌ನಿಂದ ಅಂತ ಎಲ್ಲರೂ ತಿಳಿದರು. ನನಗೆ ಗೊತ್ತು, ಅದು ಬಿದ್ದದ್ದು ಆ ಫೋನ್‌ಗಳಲ್ಲಿ.

ಇದು ತಿದ್ದಿಕೊಳ್ಳಬಹುದಾದ ತಪ್ಪು. ನಿಮ್ಮದೇ ಆಡಿಯೋ ಹಾಕಿಕೊಂಡು ಪೆನ್ನು ಹಿಡಿದು ಕೂತ್ಕೊಳ್ಳಿ. ನೀವು ನಡುವೆ ಬಾಯಿ ಹಾಕಿದ ಕಡೆಯೆಲ್ಲ ಒಂದು ಗೆರೆ. ಅತಿಥಿಯ ವಾಕ್ಯ ಅಲ್ಲಿ ಮುಗಿದಿತ್ತಾ ಇಲ್ವಾ ಅಂತ ಪಕ್ಕದಲ್ಲಿ ಬರೆಯಿರಿ. ಮೊದಲ ಸಲ ಈ ಹಾಳೆ ನೋಡಿದಾಗ ಎಲ್ಲರಿಗೂ ನಾಚಿಕೆ ಆಗುತ್ತೆ, ಆಗಲಿ. ಮುಂದಿನ ರೆಕಾರ್ಡಿಂಗ್‌ನಲ್ಲಿ ಅವರು ನಿಲ್ಲಿಸಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು ಎಣಿಸಿ. ಅರ್ಧಕ್ಕರ್ಧ ಸಲ ಅವರೇ ಮುಂದುವರಿಸುತ್ತಾರೆ. ನಾಲಿಗೆ ತುದಿಗೆ ಬಂದ ಜೋಕನ್ನು ಮುಂದಿರುವ ಹಾಳೆಯಲ್ಲಿ ಗೀಚಿಡಿ. ಅದು ಹಾಳಾಗಲ್ಲ, ಆ ವಾರದ ಸೆಟ್‌ಗೆ, ಅಂದರೆ ಸ್ಟೇಜಿನಲ್ಲಿ ಹೇಳುವ ಜೋಕುಗಳ ಸರಣಿಗೆ, ಬರುತ್ತೆ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರಲ್ಲ. ಟಿವಿಯ ಮಾತುಕತೆ, ಪಾಡ್‌ಕಾಸ್ಟ್‌ನ ಮಾತುಕತೆ, ಇವೆರಡೂ ಬೇರೆ ಬೇರೆ ಕಸುಬು. ಲೇಟ್ ನೈಟ್ ಟಾಕ್ ಶೋಗಳಲ್ಲಿ ಒಬ್ಬ ಅತಿಥಿಗೆ ಸಿಗುವುದು ಕೆಲವೇ ನಿಮಿಷ. ಅದಕ್ಕೆ ಮುಂಚೆಯೇ ಒಬ್ಬ ಪ್ರೊಡ್ಯೂಸರ್ ಅತಿಥಿಯ ಜೊತೆ ಫೋನಿನಲ್ಲಿ ಮಾತಾಡಿರುತ್ತಾರೆ. ಯಾವ ಕಥೆ ಚೆನ್ನಾಗಿದೆ, ಅದಕ್ಕೆ ಯಾವ ಪ್ರಶ್ನೆಯಿಂದ ದಾರಿ ಮಾಡಬೇಕು ಎಲ್ಲ ನಿರೂಪಕರ ಕೈಯಲ್ಲಿರುವ ಕಾರ್ಡಿನಲ್ಲಿರುತ್ತೆ. ‘ಹೌದಾ, ನಿಮಗೆ ಲಿಫ್ಟ್ ಕಂಡ್ರೆ ಭಯ ಅಂತೆ’ ಎಂದು ಅವರು ಕೇಳುವುದು ಕುತೂಹಲಕ್ಕಲ್ಲ, ಕಾರ್ಡಿನಲ್ಲಿ ಇದೆ ಅಂತ. ಅಲ್ಲಿ ನಿಮ್ಮ ಕೆಲಸ ಸಿದ್ಧವಾದ ಕಥೆಯನ್ನು ಆಗತಾನೇ ಹುಟ್ಟಿದ ಹಾಗೆ ಕಾಣಿಸುವುದು, ಸಮಯಕ್ಕೆ ಸರಿಯಾಗಿ ಮುಗಿಸುವುದು, ಕಿವಿಯಲ್ಲಿ ಕಂಟ್ರೋಲ್ ರೂಮ್‌ನವರು ಮಾತಾಡುತ್ತಿದ್ದರೂ ಮುಖದಲ್ಲಿ ತೋರಿಸದಿರುವುದು. ಪಾಡ್‌ಕಾಸ್ಟ್‌ನಲ್ಲಿ ಒಂದು ಗಂಟೆ ಇರುತ್ತೆ, ಕಾರ್ಡ್ ಇರಲ್ಲ, ಇದ್ದರೂ ಇಪ್ಪತ್ತನೇ ನಿಮಿಷಕ್ಕೆ ಕೈಕೊಡುತ್ತೆ. ಅಲ್ಲಿ ಕೆಲಸ ಹಿಂಬಾಲಿಸುವುದು. ಟಿವಿಯಲ್ಲಿ ದಾರಿ ತೋರಿಸಬೇಕು, ಪಾಡ್‌ಕಾಸ್ಟ್‌ನಲ್ಲಿ ದಾರಿ ತಪ್ಪಲು ಒಪ್ಪಬೇಕು. ಎರಡಕ್ಕೂ ಒಬ್ಬರೇ ಸರಿ ಹೋಗುತ್ತಾರೆ ಅನ್ನುವ ಖಾತ್ರಿ ಇಲ್ಲ.

ಸ್ಟ್ಯಾಂಡಪ್‌ನವರನ್ನು ಕಾಡುವ ಇನ್ನೊಂದು ಸಣ್ಣ ಸಂಗತಿ: ಪಾಡ್‌ಕಾಸ್ಟ್ ಕೋಣೆಯಲ್ಲಿ ಯಾರೂ ನಗಲ್ಲ. ಟಿವಿ ಸ್ಟುಡಿಯೋದಲ್ಲಿ ಪ್ರೇಕ್ಷಕರಿರುತ್ತಾರೆ, ಶೂಟಿಂಗ್‌ಗೆ ಮುಂಚೆ ಅವರನ್ನು ಬಿಸಿ ಮಾಡಲು ಒಬ್ಬ ಕಾಮಿಡಿಯನ್ ಇರುತ್ತಾನೆ. ಕೋಣೆಯಲ್ಲಿ ನೀವು, ಅತಿಥಿ, ಒಂದು ಮೆಷಿನ್. ಆ ನಿಶ್ಶಬ್ದಕ್ಕೆ ಹೆದರಿಯೇ ಹೊಸಬರು ಜಾಸ್ತಿ ಮಾತಾಡುತ್ತಾರೆ. ಅದಕ್ಕೇ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳುವ ರೂಢಿ. ಕಾರ್ಸನ್‌ಗೆ ಎಡ್ ಮೆಕ್‌ಮಹೊನ್ ಇದ್ದರು. ಅಮೆರಿಕದ ಇನ್ನೊಬ್ಬ ಟಾಕ್ ಶೋ ನಿರೂಪಕ ಕೊನನ್ ಓ’ಬ್ರಯನ್‌ಗೆ ಟಿವಿಯಲ್ಲಿ ಆ್ಯಂಡಿ ರಿಕ್ಟರ್ ಇದ್ದರು, ಪಾಡ್‌ಕಾಸ್ಟ್‌ನಲ್ಲಿ ಬಹಳ ವರ್ಷ ಅವರ ಸಹಾಯಕಿಯಾಗಿದ್ದ ಸೋನಾ ಮೊವ್ಸೇಸಿಯನ್, ಪ್ರೊಡ್ಯೂಸರ್ ಮ್ಯಾಟ್ ಗೌರ್ಲಿ ಜೊತೆಯಾದರು. ಇವರು ನಗುವುದಕ್ಕೆ ಮಾತ್ರ ಅಲ್ಲ, ನಿರೂಪಕರು ಉಬ್ಬಿದಾಗ ಸೂಜಿ ಚುಚ್ಚುವುದಕ್ಕೂ ಬೇಕು.

ಕೊನನ್ ಹೆಸರು ಬಂತಲ್ಲ, ‘ನನಗೆ ಬರುತ್ತಾ’ ಅನ್ನುವ ಪ್ರಶ್ನೆಗೆ ಅವರೇ ಸಾಕ್ಷಿ. 1993ರಲ್ಲಿ ಎನ್‌ಬಿಸಿ ಚಾನೆಲ್ ‘ಲೇಟ್ ನೈಟ್’ ಶೋವನ್ನು ಅವರ ಕೈಗೆ ಕೊಟ್ಟಾಗ ಅವರು ಟಿವಿಗೆ ಬರೆಯುತ್ತಿದ್ದ ಬರಹಗಾರ. ಕ್ಯಾಮೆರಾ ಎದುರಿನ ಅನುಭವ ಇಲ್ಲವೇ ಇಲ್ಲ ಅನ್ನಬಹುದು. ವಿಮರ್ಶಕರು ಉಗಿದು ಉಪ್ಪು ಹಾಕಿದರು. ಒಂದು ಕಾಲಕ್ಕೆ ಚಾನೆಲ್ ಅವರ ಕರಾರನ್ನು ಹದಿಮೂರು ಹದಿಮೂರು ವಾರಕ್ಕೆ ಮಾತ್ರ ಮುಂದುವರಿಸುತ್ತಿತ್ತು. ಅವರು ಅದೇ ಕುರ್ಚಿಯಲ್ಲಿ 2009ರವರೆಗೆ ಕೂತರು. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಡೇವಿಡ್ ಲೆಟರ್‌ಮನ್ ಕಥೆ ಇನ್ನೊಂದು ಥರ. 1980ರಲ್ಲಿ ಅವರಿಗೆ ಬೆಳಗಿನ ಹೊತ್ತಿನ ಶೋ ಕೊಟ್ಟರು, ನಾಲ್ಕೇ ತಿಂಗಳಿಗೆ ನಿಂತಿತು. 1982ರಲ್ಲಿ ಹೆಚ್ಚುಕಡಿಮೆ ಅದೇ ತುಂಟತನವನ್ನು ನಡುರಾತ್ರಿ ದಾಟಿದ ಮೇಲೆ ಹಾಕಿದರು, ಇತಿಹಾಸವಾಯಿತು. ಮನುಷ್ಯ ಅದೇ, ಹೊತ್ತು ಬೇರೆ. ಆದ್ದರಿಂದ ಚಾನೆಲ್‌ನವರನ್ನು ಮೊದಲು ಕೇಳಬೇಕಾದ್ದು ‘ನನ್ನ ಶೋ ಎಷ್ಟು ಹೊತ್ತಿಗೆ, ಯಾವ ಶೋ ಆದಮೇಲೆ’ ಅಂತ. ಸಂಭಾವನೆ ಆಮೇಲೆ.

ಇನ್ನು ಗೆಳೆಯರ ಮಾತು ಮತ್ತು ಹಿರಿಯರ ಮಾತು. ಇಬ್ಬರೂ ಅರ್ಧ ಸರಿ.

ಹಿರಿಯರು ಹೇಳಿದ್ದು ಒಂದು ಕಾಲಕ್ಕೆ ನಿಜ. 2009ರಲ್ಲಿ ಮಾರ್ಕ್ ಮೆರನ್ ಎಂಬ ಅಮೆರಿಕದ ಕಾಮಿಡಿಯನ್‌ಗೆ ರೇಡಿಯೋ ಕೆಲಸ ಹೋಗಿತ್ತು. ವಿಚ್ಛೇದನದ ಏಟು ಬೇರೆ. ಕೆಲಸ ಕಳೆದುಕೊಂಡ ಸ್ಟುಡಿಯೋಗೇ ರಾತ್ರಿ ಹೊತ್ತು ನುಸುಳಿ ಮೊದಲ ಎಪಿಸೋಡ್‌ಗಳನ್ನು ರೆಕಾರ್ಡ್ ಮಾಡಿದರು, ಆಮೇಲೆ ಮನೆಯ ಗ್ಯಾರೇಜಿಗೆ ಬಂದರು. ಅದೇ ಗ್ಯಾರೇಜಿಗೆ 2015ರ ಜೂನ್‌ನಲ್ಲಿ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ಬಂದು ಕೂತು ಮಾತಾಡಿದರು. ವಾರಕ್ಕೆ ಎರಡು ಎಪಿಸೋಡ್‌ನಂತೆ ಹದಿನಾರು ವರ್ಷ ನಡೆಸಿ 2025ರ ಅಕ್ಟೋಬರ್‌ನಲ್ಲಿ ಮೆರನ್ ನಿಲ್ಲಿಸಿದರು. ‘ಕೆಲಸ ಇಲ್ಲದವರು ಮಾಡೋದು’ ನಿಜವೇ, ಆದರೆ ಅದು ಮೊದಲ ಅಧ್ಯಾಯ ಮಾತ್ರ.

ಗೆಳೆಯರು ಹೇಳಿದ್ದಕ್ಕೂ ಆಧಾರ ಇದೆ. ಟಿವಿಯ ಟಾಕ್ ಶೋ ಅಂದರೆ ಸ್ಟುಡಿಯೋ, ಬ್ಯಾಂಡ್, ಬರಹಗಾರರ ದಂಡು, ಕ್ಯಾಮೆರಾದವರು, ಮೇಕಪ್‌ನವರು. ಜಾಹೀರಾತು ಇಳಿದರೆ ಈ ಖರ್ಚು ಇಳಿಯಲ್ಲ. ಅಮೆರಿಕದ ಸ್ಟೀಫನ್ ಕೋಲ್ಬೇರ್ ಶೋ ತನ್ನ ಹೊತ್ತಿನ ಲೇಟ್ ನೈಟ್ ಶೋಗಳಲ್ಲಿ ಮುಂದೆಯೇ ಇತ್ತು. ಆದರೂ 2026ರ ಮೇ ತಿಂಗಳಿಗೆ ಅದನ್ನು ಮುಗಿಸುವುದಾಗಿ ಸಿಬಿಎಸ್ ಚಾನೆಲ್ 2025ರ ಜುಲೈನಲ್ಲಿ ಪ್ರಕಟಿಸಿತು. ಕಾರಣ ಹಣಕಾಸು ಎಂದಿತು. ರಾಜಕೀಯ ಇದೆ ಎಂದು ಅನುಮಾನಿಸಿದವರೂ ಬಹಳ ಜನ. 2023ರಲ್ಲಿ ಅಮೆರಿಕದ ಬರಹಗಾರರು ಮುಷ್ಕರ ಹೂಡಿದಾಗ ಈ ಶೋಗಳೆಲ್ಲ ಒಂದೇ ದಿನಕ್ಕೆ ಬಂದ್ ಆದವು. ಆಗ ಕೋಲ್ಬೇರ್, ಜಿಮ್ಮಿ ಕಿಮ್ಮೆಲ್, ಜಿಮ್ಮಿ ಫ್ಯಾಲನ್, ಸೆತ್ ಮೇಯರ್ಸ್, ಜಾನ್ ಆಲಿವರ್ ಐವರೂ ಸೇರಿ ಮಾಡಿದ್ದೇನು ಗೊತ್ತಾ? ಪಾಡ್‌ಕಾಸ್ಟ್. ಬಂದ ದುಡ್ಡು ಕೆಲಸವಿಲ್ಲದೆ ಕೂತ ತಮ್ಮ ಸಿಬ್ಬಂದಿಗೆ. ಐದು ದೊಡ್ಡ ಶೋ ನಿಂತರೂ ಐದು ಮೈಕ್ ನಿಲ್ಲಲಿಲ್ಲ.

ಆದರೆ ಗೆಳೆಯರು ಹೇಳದೆ ಬಿಡುವ ಒಂದು ಮಾತಿದೆ. ಪಾಡ್‌ಕಾಸ್ಟ್‌ನಲ್ಲಿ ಗೆದ್ದವರು ಅಂತ ಅವರು ಹೆಸರಿಸುವ ಬಹುತೇಕರು ಟಿವಿಯಿಂದ ಪ್ರೇಕ್ಷಕರನ್ನು ಹೊತ್ತುಕೊಂಡು ಬಂದವರು. ಕೊನನ್ 2018ರ ನವೆಂಬರ್‌ನಲ್ಲಿ ಪಾಡ್‌ಕಾಸ್ಟ್ ಶುರು ಮಾಡಿದಾಗ ಟಿವಿಯಲ್ಲಿ ಇಪ್ಪತ್ತೈದು ವರ್ಷ ಮುಗಿಸಿದ್ದರು, ಟಿಬಿಎಸ್ ಚಾನೆಲ್‌ನಲ್ಲಿ ರಾತ್ರಿ ಶೋ ಇನ್ನೂ ಮುಗಿದಿರಲಿಲ್ಲ. 2022ರಲ್ಲಿ ಸಿರಿಯಸ್ ಎಕ್ಸ್‌ಎಂ ಎಂಬ ರೇಡಿಯೋ ಕಂಪನಿ ಅವರ ಕಂಪನಿಯನ್ನು ಸುಮಾರು 15 ಕೋಟಿ ಡಾಲರ್‌ಗೆ ಕೊಂಡಿತು ಅಂತ ವರದಿಯಾದಾಗ ಎಲ್ಲರೂ ಪಾಡ್‌ಕಾಸ್ಟ್ ನೋಡಿದರು, ಹಿಂದಿನ ಇಪ್ಪತ್ತೈದು ವರ್ಷ ನೋಡಲಿಲ್ಲ. ಜೋ ರೋಗನ್ 1988ರಿಂದ ಸ್ಟ್ಯಾಂಡಪ್ ಮಾಡಿದವರು, 2001ರಿಂದ 2006ರವರೆಗೆ ‘ಫಿಯರ್ ಫ್ಯಾಕ್ಟರ್’ ಎಂಬ ಟಿವಿ ರಿಯಾಲಿಟಿ ಶೋನ ನಿರೂಪಕರಾಗಿ ಮನೆಮನೆಗೂ ಮುಖ ಪರಿಚಯ ಆದವರು, ಆಮೇಲೆ 2009ರ ಕೊನೆಗೆ ಪಾಡ್‌ಕಾಸ್ಟ್‌ಗೆ ಬಂದವರು. ನಿಮ್ಮ ಸಮಸ್ಯೆಯೇ ‘ಹೊಸಬರು ಬರುತ್ತಿಲ್ಲ’ ಅಂತ ಅಲ್ವಾ? ಪಾಡ್‌ಕಾಸ್ಟ್ ಇರುವ ಅಭಿಮಾನಿಗಳನ್ನು ಗಟ್ಟಿ ಮಾಡುತ್ತೆ. ಹೊಸಬರನ್ನು ತರುವುದರಲ್ಲಿ ನಿಧಾನ. ಟಿವಿ ಹೊಸಬರನ್ನು ತರುತ್ತೆ, ಆದರೆ ಅವರು ಶೋಗೆ ಬಂದವರು, ನಿಮಗೆ ಬಂದವರಲ್ಲ. ಅವರನ್ನು ನಿಮ್ಮವರನ್ನಾಗಿ ಮಾಡಿಕೊಳ್ಳಲು ಬೇರೆ ಏನಾದರೂ ಬೇಕು.

ಇಲ್ಲಿಂದ ಕರಾರಿಗೆ ಬರೋಣ, ಯಾಕೆಂದರೆ ನಿಜವಾದ ಅಪಾಯ ಇರುವುದು ಅಲ್ಲೇ.

ಟಿವಿಯಲ್ಲಿ ನಗು ಯಾರದು ಅಂದರೆ, ಕಾಗದದ ಮೇಲೆ, ಚಾನೆಲ್‌ನದು. 1993ರಲ್ಲಿ ಲೆಟರ್‌ಮನ್ ಎನ್‌ಬಿಸಿ ಬಿಟ್ಟು ಸಿಬಿಎಸ್‌ಗೆ ಹೋದಾಗ, ಹನ್ನೊಂದು ವರ್ಷ ಅವರು ಮಾಡಿದ್ದ ಹಾಸ್ಯದ ತುಣುಕುಗಳು ತನ್ನ ಆಸ್ತಿ ಎಂದು ಎನ್‌ಬಿಸಿ ವಾದಿಸಿತು. ಕೆಲವು ತುಣುಕುಗಳ ಹೆಸರು ಬದಲಾಯಿಸಬೇಕಾಯಿತು. ಲ್ಯಾರಿ ‘ಬಡ್’ ಮೆಲ್‌ಮನ್ ಎಂಬ ಪಾತ್ರ ಮಾಡುತ್ತಿದ್ದ ಮುದುಕ ಕ್ಯಾಲ್ವರ್ಟ್ ಡಿಫಾರೆಸ್ಟ್ ಹೊಸ ಚಾನೆಲ್‌ನಲ್ಲಿ ತನ್ನ ಸ್ವಂತ ಹೆಸರಿನಲ್ಲೇ ಕಾಣಿಸಿಕೊಳ್ಳಬೇಕಾಯಿತು. ಮುಖ ಅವನದು, ಹೆಸರು ಚಾನೆಲ್‌ನದು! 2010ರಲ್ಲಿ ಕೊನನ್ ‘ದಿ ಟುನೈಟ್ ಶೋ’ ಬಿಟ್ಟಾಗ ಒಪ್ಪಂದದ ಪ್ರಕಾರ ಸೆಪ್ಟೆಂಬರ್‌ವರೆಗೆ ಟಿವಿಯಲ್ಲಿ ಕಾಣಿಸುವಂತಿರಲಿಲ್ಲ. ಆದರೆ ಸ್ಟೇಜಿಗೆ ಆ ತಡೆ ಇರಲಿಲ್ಲ. ಊರೂರು ಸುತ್ತಿ ಲೈವ್ ಶೋ ಮಾಡಿದರು, ‘ಟಿವಿಯಲ್ಲಿ ನಗಿಸಲು ಕಾನೂನಿನ ನಿಷೇಧ’ ಅಂತ ಅರ್ಥ ಬರುವ ಹೆಸರನ್ನೇ ಆ ಪ್ರವಾಸಕ್ಕೆ ಇಟ್ಟರು. ನಿಮ್ಮ ಕರಾರಿನಲ್ಲಿ ಆ ಬಾಗಿಲು ತೆರೆದಿದೆಯಾ ನೋಡಿ. ‘ಬೇರೆಲ್ಲೂ ನಿರೂಪಣೆ’ ಅನ್ನುವುದರಲ್ಲಿ ಲೈವ್ ಸ್ಟೇಜ್ ಸೇರುತ್ತಾ? ಆಡಿಯೋ ಸೇರುತ್ತಾ? ಬೇರೆಯವರ ಪಾಡ್‌ಕಾಸ್ಟ್‌ಗೆ ಅತಿಥಿಯಾಗಿ ಹೋಗುವುದು ಸೇರುತ್ತಾ? ‘ಹಂಗೆಲ್ಲ ಏನಿಲ್ಲ ಮೇಡಂ’ ಅಂತ ಬಾಯಲ್ಲಿ ಹೇಳುತ್ತಾರೆ. ಹೇಳಿದವರು ಆರು ತಿಂಗಳಿಗೆ ಬೇರೆ ಚಾನೆಲ್‌ನಲ್ಲಿರುತ್ತಾರೆ. ಬರಹದಲ್ಲಿ ಬೇಕು.

26 ಎಪಿಸೋಡ್ ಅಂದರೂ 26 ಖಚಿತ ಅಂತ ತಿಳಿಯಬೇಡಿ. ಎಷ್ಟು ಎಪಿಸೋಡ್‌ಗೆ ಹಣ ಖಾತ್ರಿ, ಎಷ್ಟು ಅವರ ಇಷ್ಟಕ್ಕೆ ಬಿಟ್ಟದ್ದು, ಎರಡನೇ ಸೀಸನ್ ಬೇಕೋ ಬೇಡವೋ ಅನ್ನುವ ಹಕ್ಕು ಯಾರದು, ಹೇಳಲು ಅವರಿಗೆ ಎಷ್ಟು ದಿನದ ಗಡುವು, ಇದಿಷ್ಟನ್ನೂ ಕೇಳಿ. ಗಡುವು ಇಲ್ಲದಿದ್ದರೆ ಶೋ ನಿಂತಿದೆಯೋ ಇಲ್ಲವೋ ಗೊತ್ತಿಲ್ಲದೆ ನೀವು ತಿಂಗಳುಗಟ್ಟಲೆ ಕಾಯುತ್ತೀರಿ, ಬೇರೆ ಕೆಲಸವನ್ನೂ ಒಪ್ಪುವಂತಿಲ್ಲ. ನಾನು ಕಂಡ ಹಾಗೆ ಕಲಾವಿದರನ್ನು ಮುಗಿಸಿದ್ದು ಸೋತ ಶೋಗಳಲ್ಲ, ಈ ಕಾಯುವಿಕೆ.

ಆ ‘ಮುಗಿದ ಮೇಲೂ ಒಂದು ವರ್ಷ’ವನ್ನು ನಾನು ಒಪ್ಪಲ್ಲ. ಅದನ್ನು ಮೂರು ತಿಂಗಳಿಗೆ ಇಳಿಸಿ ಅನ್ನಿ, ಅಥವಾ ಆ ಅವಧಿಗೂ ಹಣ ಕೊಡಿ ಅನ್ನಿ. ಚಾನೆಲ್‌ಗಳು ಇಂಥ ಸಾಲುಗಳನ್ನು ಅಚ್ಚು ಹಾಕಿಟ್ಟ ನಮೂನೆಯಿಂದ ತೆಗೆದು ಹಾಕಿರುತ್ತವೆ, ಯಾರಾದರೂ ಕೇಳಿದರೆ ಬಿಡಲು ತಯಾರಿರುತ್ತವೆ. ಕೇಳುವವರೇ ಕಡಿಮೆ. ಮನರಂಜನಾ ಕರಾರು ಓದಿ ಅಭ್ಯಾಸ ಇರುವ ವಕೀಲರಿಗೆ ತೋರಿಸಿ. ಮನೆಯ ಆಸ್ತಿ ವ್ಯವಹಾರ ನೋಡುವ ವಕೀಲರಿಗೆ ಇದರ ತಿರುವುಗಳು ಅಷ್ಟು ಗೊತ್ತಿರಲ್ಲ.

ಪಾಡ್‌ಕಾಸ್ಟ್‌ನಲ್ಲಿ ಕರಾರೇ ಇರಲ್ಲ, ಅದೇ ಅಲ್ಲಿನ ಅಪಾಯ. ಗೆಳೆಯರಿಬ್ಬರು ಶುರು ಮಾಡುತ್ತಾರೆ, ನೂರನೇ ಎಪಿಸೋಡ್‌ಗೆ ಜಗಳ ಆಗುತ್ತೆ, ಹೆಸರು ಯಾರದು ಅಂತ ಯಾರೂ ಬರೆದಿಟ್ಟಿರಲ್ಲ. ಎಪಿಸೋಡ್‌ಗಳನ್ನು ಏರಿಸುವ ಖಾತೆ ಯಾರ ಇಮೇಲ್‌ನಲ್ಲಿದೆ ಅನ್ನುವುದು ಮದುವೆಗಿಂತ ಮುಖ್ಯ, ತಮಾಷೆಗೆ ಹೇಳುತ್ತಿಲ್ಲ. ಎಲ್ಲ ಆ್ಯಪ್‌ಗಳಿಗೂ ಎಪಿಸೋಡ್ ಹೋಗುವುದು ಆ ಖಾತೆಯ ಒಂದೇ ಫೀಡ್‌ನಿಂದ, ಅಂದರೆ ಎಪಿಸೋಡ್‌ಗಳ ಪಟ್ಟಿಯಿಂದ. ಫೀಡ್ ಹೋದರೆ ಚಂದಾದಾರರೂ ಹೋದರು. ಅದು ನಿಮ್ಮ ಹೆಸರಿನಲ್ಲೇ ಇರಲಿ, ಮೂಲ ರೆಕಾರ್ಡಿಂಗ್‌ಗಳ ಒಂದು ಪ್ರತಿಯೂ ನಿಮ್ಮ ಹತ್ತಿರವೇ ಇರಲಿ.

ಇನ್ನೊಂದು ಅಪಾಯ, ತಡೆಯುವವರು ಯಾರೂ ಇಲ್ಲದಿರುವುದು. ಕ್ಲಬ್ಬಿನಲ್ಲಿ ಒಂದು ಜೋಕ್ ಹಳಿ ತಪ್ಪಿದರೆ ಅಲ್ಲೇ ಸಾಯುತ್ತೆ. ಮೈಕ್ ಮುಂದೆ ಎರಡು ಗಂಟೆ ಹರಟಿದಾಗ ಬಾಯಿ ತಪ್ಪಿ ಬಂದದ್ದು ಹತ್ತು ವರ್ಷ ಆದಮೇಲೂ ಸಿಗುತ್ತೆ. 2022ರಲ್ಲಿ ರೋಗನ್ ತಮ್ಮ ಹಳೆಯ ಎಪಿಸೋಡ್‌ಗಳಲ್ಲಿ ಆಡಿದ್ದ ಜನಾಂಗ ನಿಂದನೆಯ ಪದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಪ್ರಕಟಿಸುವ ಮುಂಚೆ ನಿಮ್ಮನ್ನು ಮೆಚ್ಚಿಸುವ ಹಂಗಿಲ್ಲದ ಒಬ್ಬರು ಪೂರ್ತಿ ಕೇಳಲಿ. ಮನೆಯವರ ಕಥೆ ಹೇಳುವ ಮುಂಚೆ ಮನೆಯವರನ್ನೂ ಕೇಳಿ. ಸ್ಟೇಜಿನಲ್ಲಿ ‘ನನ್ನ ಅಕ್ಕ’ ಅಂದರೆ ಪಾತ್ರ, ಪಾಡ್‌ಕಾಸ್ಟ್‌ನಲ್ಲಿ ‘ನನ್ನ ಅಕ್ಕ’ ಅಂದರೆ ನಿಮ್ಮ ಅಕ್ಕ.

ಈಗ ದೊಡ್ಡ ಭಯ. ಕಾಮಿಡಿಯನ್ ಆಗಿ ಉಳಿಯುತ್ತೀರಾ? ಸ್ಟೇಜ್ ಬಿಟ್ಟರೆ ಉಳಿಯಲ್ಲ. ಮುಚ್ಚುಮರೆ ಬೇಡ. ನಿಮಗೆ ಗೊತ್ತೇ ಇದೆ, ಒಂದು ಗಂಟೆಯ ಒಳ್ಳೆಯ ಸೆಟ್ ಕಟ್ಟಲು ವರ್ಷ ಹಿಡಿಯುತ್ತೆ. ಟಿವಿ ಅಷ್ಟನ್ನು ಒಂದೆರಡು ತಿಂಗಳಲ್ಲಿ ಉರಿಸಿಬಿಡುತ್ತೆ, ಆಮೇಲೆ ಬರಹಗಾರರು ಬರೆದದ್ದನ್ನು ನೀವು ಓದುತ್ತೀರಿ. ಓದುವುದು ತಪ್ಪಲ್ಲ, ನಾನೇ ಎಷ್ಟೋ ಜನಕ್ಕೆ ಬರೆದುಕೊಟ್ಟಿದ್ದೇನೆ. ಆದರೆ ಖಾಲಿ ಹಾಳೆಯಿಂದ ನಗು ಹುಟ್ಟಿಸುವ ಶಕ್ತಿ ಬಳಸದಿದ್ದರೆ ಸಣ್ಣಗಾಗುತ್ತೆ. ಸ್ಟುಡಿಯೋ ಪ್ರೇಕ್ಷಕರು ಬಂದಿರುವುದೇ ನಗಲು. ಅವರ ನಗು ಕೇಳಿ ಕೇಳಿ ಯಾವುದು ನಿಜವಾಗಿ ನಗಿಸುತ್ತೆ ಅನ್ನುವ ಕಿವಿ ಮಂದವಾಗುತ್ತೆ. ಜೇ ಲೆನೊ ‘ದಿ ಟುನೈಟ್ ಶೋ’ ನಡೆಸಿದ ವರ್ಷಗಳಲ್ಲೂ ಬಿಡುವಿನ ದಿನಗಳಲ್ಲಿ ಊರೂರಿಗೆ ಹೋಗಿ ಸ್ಟ್ಯಾಂಡಪ್ ಮಾಡುತ್ತಿದ್ದರು, ಆ ದುಡ್ಡಿನಲ್ಲೇ ಬದುಕು ನಡೆಸಿ ಟಿವಿ ಸಂಬಳವನ್ನು ಮುಟ್ಟದೆ ಇಟ್ಟೆ ಅಂತ ಹೇಳಿಕೊಂಡಿದ್ದಾರೆ. ದುಡ್ಡಿನ ಮಾತು ಬಿಡಿ. ಶೋ ಇರಲಿ ಹೋಗಲಿ, ಅವರಿಗೆ ನಿಲ್ಲಲು ಒಂದು ಜಾಗ ಇತ್ತು.

ನಾನು ನಿಮ್ಮ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ? ಟಿವಿಗೆ ಹೋಗುತ್ತಿದ್ದೆ, ಆದರೆ ಈ ಕರಾರಿಗಲ್ಲ. ವಾರಕ್ಕೊಮ್ಮೆಯ ಶೋ ಅಂದರೆ ದಿನಾ ಬರುವ ಶೋನಷ್ಟು ಸುಡಲ್ಲ, ವಾರದಲ್ಲಿ ಎರಡು ರಾತ್ರಿ ಸ್ಟೇಜಿಗೆ ಸಿಗುತ್ತೆ. ಆ ಎರಡು ರಾತ್ರಿ ಶೂಟಿಂಗ್ ಇಡುವಂತಿಲ್ಲ ಅಂತ ಕರಾರಿನಲ್ಲೇ ಹಾಕಿಸುತ್ತಿದ್ದೆ. ಶೋನ ಸಣ್ಣ ತುಣುಕುಗಳನ್ನು ನನ್ನ ಖಾತೆಗಳಲ್ಲಿ ಹಾಕುವ ಹಕ್ಕು ಕೇಳುತ್ತಿದ್ದೆ, ಶೋಗೆ ಬಂದವರು ನನ್ನ ಕಡೆಗೆ ತಿರುಗುವುದು ಅಲ್ಲಿಂದ. ಸಹಿ ಹಾಕುವ ಮುಂಚೆಯೇ ಪಾಡ್‌ಕಾಸ್ಟ್‌ನ ನಾಲ್ಕೈದು ಎಪಿಸೋಡ್ ಪ್ರಕಟಿಸಿ, ‘ಈಗಾಗಲೇ ನಡೆಯುತ್ತಿರುವ ಕೆಲಸ’ ಅಂತ ಅದರ ಹೆಸರು ಹಾಕಿ ಕರಾರಿನಿಂದ ಹೊರಗಿಡಿಸುತ್ತಿದ್ದೆ. ಇನ್ನೂ ಶುರುವಾಗದ ಕೆಲಸಕ್ಕೆ ವಿನಾಯಿತಿ ಕೇಳುವುದು ಕಷ್ಟ, ಇರುವುದಕ್ಕೆ ಸುಲಭ.

ಇದರಲ್ಲೂ ಅಪಾಯ ಇದೆ. ಇಷ್ಟೆಲ್ಲ ಕೇಳಿದರೆ ಚಾನೆಲ್ ಬೇರೆಯವರನ್ನು ಕರೆಯಬಹುದು. ಮೂರು ಕೆಲಸ ಒಟ್ಟಿಗೆ ಹಿಡಿದರೆ ಮೂರೂ ಸೊರಗಬಹುದು. ಹಾಗಾದಾಗ ಮೊದಲು ಕೈಬಿಡಬೇಕಾದ್ದು ಪಾಡ್‌ಕಾಸ್ಟ್, ಸ್ಟೇಜಲ್ಲ. ಚಾನೆಲ್ ಆ ಒಂದು ವರ್ಷದ ಮೇಲೂ ಸ್ಟೇಜಿನ ಮೇಲೂ ಹಟ ಹಿಡಿದರೆ ಬಿಟ್ಟುಬಿಡಿ, ಪಾಡ್‌ಕಾಸ್ಟ್ ಒಂದನ್ನೇ ಹಿಡಿಯಿರಿ. ಆದರೆ ಮೊದಲ ವರ್ಷ ದುಡ್ಡು ಬರಲ್ಲ ಅಂತಲೇ ಲೆಕ್ಕ ಹಾಕಿ. ಎರಡೂ ಬೇಡ, ಇನ್ನೊಂದು ವರ್ಷ ಸ್ಟೇಜೇ ಸಾಕು ಅಂದರೂ ಅದು ಹೇಡಿತನ ಅಲ್ಲ. 33 ಈ ಕೆಲಸಕ್ಕೆ ಚಿಕ್ಕ ವಯಸ್ಸು. ಮೆರನ್ ಆ ಗ್ಯಾರೇಜಿಗೆ ಮೈಕ್ ತಂದಾಗ ನಲವತ್ತು ದಾಟಿದ್ದರು.

ಚಾನೆಲ್‌ಗೆ ಉತ್ತರ ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಆ ಎರಡನೇ ಎಪಿಸೋಡ್‌ನ ಗೆಳತಿಗೆ ಫೋನ್ ಮಾಡಿ. ‘ಆ ಎರಡು ವರ್ಷ ಏನಾಯ್ತು, ಅವತ್ತು ನಾನು ಕೇಳಲೇ ಇಲ್ಲ’ ಅನ್ನಿ. ಆಮೇಲೆ ಸುಮ್ಮನಿರಿ. ಈ ಸಲ ರೆಕಾರ್ಡ್ ಮಾಡೋದು ಬೇಡ.